ತೊಳೆದ ಕಾಲನ್ನೇ ತೊಳೆಸಿಕೊಂಡ ಶಿಷ್ಯ

ನಿವೃತ್ತನಾದ ಮನುಷ್ಯನಿಗೆ ಬರುವ ಕಾಯಿಲೆಗಳಲ್ಲಿ ಬದುಕಿನ ಗುರಿ ಹುಡುಕುವುದೂ ಒಂದು. ನೌಕರಿಯಲ್ಲಿದ್ದಾಗ ನನಗೆ ಈ ತಾಪತ್ರಯ ಇರಲಿಲ್ಲ. ಬೆಳಿಗ್ಗೆ ಹೊಳೆನರಸೀಪುರದಲ್ಲಿ ಬಸ್ಸು ಹತ್ತಿ ಅರಕಲಗೂಡಿನ ಸರ್ವೆ ಕಚೇರಿ ಸೇರುವುದು, ಸಂಜೆ ಸೀಟು ಸಿಕ್ಕಿದರೆ ತೂಕಡಿಸುತ್ತಾ ವಾಪಸ್ಸು ಬರುವುದು, ಇವೇ ನನ್ನ ಗುರಿಗಳು; ಹೆಚ್ಚುಕಡಿಮೆ ಈಡೇರುತ್ತಿದ್ದವು. ಈಗ ಮನೆಯಲ್ಲಿ ಕೂತು ಫ್ಯಾನು ನೋಡುತ್ತಾ, ದೇವರು ನನ್ನನ್ನು ಯಾಕೆ ಹುಟ್ಟಿಸಿದ ಎಂದು ಯೋಚಿಸತೊಡಗಿದೆ. ಹೆಂಡತಿ ಲೂರ್ದಮ್ಮನನ್ನೇ ಕೇಳಿದೆ. "ಸದ್ಯಕ್ಕೆ ತೆಂಗಿನಕಾಯಿ ತುರಿಯಾಕೆ" ಅಂದಳು. ತುರಿದುಕೊಟ್ಟೆ, ಆದರೆ ಇಷ್ಟಕ್ಕೇ ಇರಲಾರದು ಅನ್ನಿಸಿತು.

ಅಷ್ಟರಲ್ಲಿ ನಮ್ಮ ಚರ್ಚಿಗೆ ಹೊಸದಾಗಿ ಬಂದ ಫಾದರ್, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಭಾನುವಾರಗಳಲ್ಲಿ ಶಿಷ್ಯತ್ವದ ತರಬೇತಿ ಶುರುಮಾಡಿದರು. ಯೇಸುವಿನ ಹಿಂದೆ ನಡೆಯುವವನಿಗೆ ಬದುಕಿನ ಗುರಿ ನಡೆಯುತ್ತಾ ತಿಳಿಯುತ್ತದೆ ಎಂದರು. ನಾನು ಮೊದಲ ಸಾಲಿನಲ್ಲಿ ಕೂತೆ. ನನ್ನ ಗುರಿ ಉಪದೇಶ ಮಾಡುವುದೇ ಇರಬೇಕೆಂದು ನನಗಾಗಲೇ ಬಲವಾದ ಗುಮಾನಿ ಇತ್ತು. ಹಾಸನದಲ್ಲಿ ಕರೆಸುತ್ತಾರೆ, ಚನ್ನರಾಯಪಟ್ಟಣದಲ್ಲಿ ಕರೆಸುತ್ತಾರೆ, ಹೊರಡುವಾಗ ಜನ ಬಸ್‌ಸ್ಟ್ಯಾಂಡಿನವರೆಗೂ ಬಿಡಲು ಬರುತ್ತಾರೆ ಎಂಬಲ್ಲಿಗೆ ನನ್ನ ಧ್ಯಾನ ತಲುಪಿತ್ತು. ಫಾದರ್ ಮಾತ್ರ, "ಅಂತೋಣಪ್ಪನವರೇ, ಸ್ವಲ್ಪ ಕಾಯಿರಿ" ಎನ್ನುತ್ತಿದ್ದರು.

ಕಾದದ್ದಕ್ಕೆ ಫಲವೂ ಸಿಕ್ಕಿತು. ಯೇಸು ತನ್ನ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ಪವಿತ್ರ ಗುರುವಾರ ಪೂಜೆಯ ನಡುವೆ ಫಾದರ್ ಹನ್ನೆರಡು ಜನರನ್ನು ಸಾಲಾಗಿ ಕೂರಿಸಿ ಕಾಲು ತೊಳೆಯುತ್ತಾರೆ. ಈ ಸಲ ನಾನೂ ಆಯ್ಕೆಯಾದೆ. ಸುದ್ದಿ ಕೇಳಿದ ಲೂರ್ದಮ್ಮ ನನ್ನ ಮುಖ ನೋಡಲಿಲ್ಲ, ಹಿಮ್ಮಡಿ ನೋಡಿದಳು. "ಈ ಬಿರುಕು ಇಟ್ಕಂಡು ಫಾದರ್ ಮುಂದೆ ಕುಂತ್ಕತೀರಾ? ನನ್ ಮಾನ ಓಯ್ತದೆ." ಬಿಸಿನೀರಿನಲ್ಲಿ ನನ್ನ ಕಾಲು ಮುಳುಗಿಸಿ, ಕಲ್ಲಿನಿಂದ ತಿಕ್ಕಿ, ಉಗುರು ಕತ್ತರಿಸಿ, ಕೊಬ್ಬರಿ ಎಣ್ಣೆ ಸವರಿದಳು. ಮದುವೆಯ ದಿನವೂ ನನಗೆ ಇಷ್ಟು ಉಪಚಾರವಾಗಿರಲಿಲ್ಲ.

ಚರ್ಚಿಗೆ ಹೋಗಿ ನೋಡಿದರೆ ಉಳಿದ ಹನ್ನೊಂದು ಜನರ ಕಥೆಯೂ ಅದೇ. ಪಕ್ಕದಲ್ಲಿ ಕೂತಿದ್ದವರ ಕಾಲಿನಿಂದ ಪೌಡರಿನ ವಾಸನೆ ಬರುತ್ತಿತ್ತು. ಫಾದರ್ ಬೋಗುಣಿ ಹಿಡಿದು ಮಂಡಿಯೂರಿ ಸಾಲಿನ ಕೊನೆಯವರೆಗೂ ತೊಳೆದರು, ನೀರು ಮಾತ್ರ ಬಾವಿಯಿಂದ ಬಂದ ಹಾಗೇ ತಿಳಿಯಾಗಿತ್ತು. ಅವರು ಬೋಗುಣಿ ನೋಡಿ ಮೆಲ್ಲಗೆ ನಕ್ಕು, "ನಿಮ್ಮದನ್ನೆಲ್ಲ ಮೊದಲೇ ತೊಳೆದೋರು ಯಾರಪ್ಪಾ?" ಎಂದರು. ಹನ್ನೆರಡು ಜನ ಶಿಷ್ಯರೂ ಒಟ್ಟಿಗೇ ಹೆಂಗಸರ ಸಾಲಿನ ಕಡೆ ನೋಡಿದೆವು.

ಮಾರನೇ ದಿನ ಬೆಳಿಗ್ಗೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬೆಚ್ಚಗಿನ ನೀರು ತಂದು ಲೂರ್ದಮ್ಮನ ಮುಂದೆ ಕೂತು, ಕಾಲು ಕೊಡು ಎಂದೆ. ಬೇಡವೆಂದು ಕಾಲು ಹಿಂದಕ್ಕೆಳೆದುಕೊಂಡಳು. ಯೇಸುವಿನ ಶಿಷ್ಯ ಪೇತ್ರನೂ ತನ್ನ ಗುರುವಿನ ಮುಂದೆ ಹೀಗೇ ಬೇಡವೆಂದಿದ್ದನಂತೆ. ಆದರೆ ಅವನು ಇವಳಷ್ಟು ಅನುಮಾನ ಪಟ್ಟಿರಲಾರ. "ಏನ್ ಮಾಡ್ಕಂಡ್ ಬಂದಿದ್ದೀರಾ? ಮೊದ್ಲು ಅದನ್ನ ಏಳ್ಬುಡಿ" ಎಂದಳು. ಏನೂ ಇಲ್ಲವೆಂದು ಆಣೆ ಮಾಡಿದ ಮೇಲೆ ಕಾಲು ಮುಂದೆ ಬಂತು.

ಬಲಗಾಲಿನ ಅಡಿ ನೋಡಿ ನನ್ನ ಕೈ ನಿಂತುಹೋಯಿತು. ಗಾಜಿನ ಚೂರೊಂದು ಒಳಗೇ ಕೂತು ಸುತ್ತಲೂ ಕೀವಾಗಿತ್ತು. "ನೋಯಲ್ವೇನೇ?" ಎಂದೆ. "ಏನು ನೋಯಾದು? ಸಕ್ಕರೆ ಕಾಯ್ಲೆ ಬಂದ್ಮೇಲೆ ಅಂಗಾಲು ಅಂತ ಒಂದೈತೆ ಅನ್ನಾದೇ ಗೊತ್ತಾಗಲ್ಲ ಕಣ್ರೀ." ನನಗೆ ಹೆದರಿಕೆಯಾಯಿತು. ಇದೇ ಕಾಲಿನ ಮೇಲೆ ಕೂತು ಇವಳು ನನ್ನ ಹಿಮ್ಮಡಿ ತಿಕ್ಕಿದ್ದಳು.

ಆಗಲೇ ಹಾಸನಕ್ಕೆ ಕರೆದೊಯ್ದೆ. ಬಸ್ಸಿನಲ್ಲಿ ನನಗೆ ಒಂದೇ ಒಂದು ಉಪದೇಶವೂ ಹೊಳೆಯಲಿಲ್ಲ. ಡಾಕ್ಟರು ಚೂರು ತೆಗೆದು, ಗಾಯ ಕೆರೆದು ಕಟ್ಟು ಹಾಕಿ, "ಇನ್ನೊಂದಷ್ಟು ದಿನ ಬಿಟ್ಟಿದ್ರೆ ಪಾದಾನೇ ತೆಗೀಬೇಕಾಗ್ತಿತ್ತು. ಕಾಲು ಉಳೀತದೆ, ಹೆದರಬೇಡಿ" ಎಂದರು. ನಾನು ಅಲ್ಲೇ ಅತ್ತುಬಿಟ್ಟೆ. ಲೂರ್ದಮ್ಮ ನನಗೆ ಸೆರಗು ಕೊಟ್ಟಳು. ಡಾಕ್ಟರು ಮುಂದುವರಿಸಿದರು: ಗಾಯ ಮಾಗಿದ ಮೇಲೆ ದಿನಾ ತೊಳೆಯಬೇಕು, ಬೆರಳ ಸಂದಿ ಒಣಗುವಂತೆ ಒರೆಸಬೇಕು, ಅಂಗಾಲನ್ನು ಕಣ್ಣಾರೆ ನೋಡಬೇಕು. "ಎಲ್ಲೀ ತನಕ ಡಾಕ್ಟ್ರೇ?" ಎಂದೆ. "ಬದುಕಿರೋ ತನಕ" ಎಂದರು.

ಗಾಯ ಮಾಗಿತು. ಈ ಸಂಗತಿ ಕೇಳಿದ ಫಾದರ್, ಬದುಕಿನ ಗುರಿ ಸಿಕ್ಕಿದ ಬಗ್ಗೆ ಬರುವ ಭಾನುವಾರ ಎಲ್ಲರ ಮುಂದೆ ನಾಲ್ಕು ಮಾತಾಡಿ ಎಂದಿದ್ದಾರೆ. ಇವತ್ತು ಬೆಳಿಗ್ಗೆ ಕಾಲು ತೊಳೆಯುತ್ತಲೇ ಭಾಷಣದ ಅಭ್ಯಾಸ ಮಾಡಿದೆ. ಸೇವೆ, ವಿನಯ, ಶಿಷ್ಯತ್ವ, ಎಲ್ಲವೂ ಬಂತು; ಒಂದು ಮಾತನ್ನಂತೂ ಚೆನ್ನಾಗಿದೆಯೆಂದು ಎರಡು ಸಲ ಹೇಳಿದೆ. ಲೂರ್ದಮ್ಮ ಪೂರ್ತಿ ಕೇಳಿ, "ಚೆಂದಾಗೈತೆ ಕಣ್ರೀ" ಎಂದು ಕಾಲನ್ನು ನನ್ನ ಕಡೆ ತಿರುಗಿಸಿದಳು. ಗುರಿಯ ಬಗ್ಗೆ ಅಷ್ಟು ಹೊತ್ತು ಮಾತಾಡಿ, ಕಿರುಬೆರಳ ಸಂದಿ ಒರೆಸುವುದನ್ನೇ ಬಿಟ್ಟಿದ್ದೆ.