ಮೂರು ತೂತಿನ ಒಲೆಯೂ ವಾಪಸ್ಸಿನ ವ್ಯಾಜ್ಯವೂ

ಮಾರುವುದು ಸುಲಭ, ಮಾರಿದ್ದು ಮಾರಿದ ಹಾಗೇ ಇರುವುದು ಕಷ್ಟ. ಈ ಸತ್ಯವನ್ನು ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ನಮ್ಮ ಯಾಂಬೋಲ್ ಊರಿನ ಐದನೇ ಮಹಡಿಯ ಬಾಲ್ಕನಿಯಲ್ಲಿ ಕೂತು, ಫೋನಿನಲ್ಲಿ ಹಳೇ ಸಾಮಾನು ಮಾರಿ ಮಾರಿ ಕಲಿತದ್ದು.

ನಾನು ಅಂಗಡಿಯವನಲ್ಲ. ಲ್ಯೂಬೆನ್ ಅಂತ, ನೀರು ಸರಬರಾಜಿನ ಕೆಲಸದಿಂದ ನಿವೃತ್ತನಾದ ಒಬ್ಬ ಸಾಧಾರಣ ಗಂಡ. ನನ್ನ ಹೆಂಡತಿ ರೋಸಿತ್ಸಾ ಯಾವ ವಸ್ತುವನ್ನು ನೋಡಿ “ಇದು ಇನ್ನೂ ಯಾಕೆ ಮನೇಲಿದೆ?” ಅನ್ನುತ್ತಾಳೋ ಅದನ್ನೆಲ್ಲ (ನನ್ನೊಬ್ಬನನ್ನು ಬಿಟ್ಟು) ಫೋಟೋ ಹಿಡಿದು ಅಂತರ್ಜಾಲದ ಸಂತೆಗೆ ಹಾಕುತ್ತೇನೆ. ಕೊಳ್ಳುವವರೂ ಸಿಗುತ್ತಾರೆ. ತೊಂದರೆ ಶುರುವಾಗುವುದು ಆಮೇಲೆ.

ಡಿಸೆಂಬರಿನಲ್ಲಿ ಹಿಮದ ಮೇಲೆ ಜಾರುವ ಬಂಡಿ ಕೊಂಡ ಪುಣ್ಯಾತ್ಮನೊಬ್ಬ ಮಾರ್ಚಿನಲ್ಲಿ “ಜಾರುತ್ತಿಲ್ಲ” ಎಂದು ವಾಪಸ್ಸು ಕಳಿಸಿದ. ಅಯ್ಯಾ, ಹಿಮವೇ ಕರಗಿ ಹೋದ ಮೇಲೆ ಬಂಡಿ ಜಾರುವುದಾದರೂ ಎಲ್ಲಿ? ಮೇ ತಿಂಗಳಲ್ಲಿ, ಶಾಲೆ ಮುಗಿಸಿದ ಹುಡುಗರ ಕುಣಿತದ ಸಂಜೆಗೆ ಮುಂಚೆ, ಒಬ್ಬ ತಾಯಿ ನನ್ನ ಮದುವೆಯ ಸೂಟನ್ನು ಕೊಂಡಳು. ಕುಣಿತ ಮುಗಿದ ಮರುದಿನ “ಮಗನಿಗೆ ಬಿಗಿ” ಎಂದು ಹಿಂತಿರುಗಿಸಿದಳು. ಜೇಬಿನ ತುಂಬ ಬಣ್ಣದ ಕಾಗದದ ಚೂರು, ಕಾಲರಿನ ಮೇಲೆ ಯಾರದೋ ತುಟಿಯ ರಂಗು. ನನ್ನ ಮೈಮೇಲಿದ್ದಷ್ಟು ಕಾಲ ಆ ಸೂಟಿಗೆ ಅಂಥ ಭಾಗ್ಯ ಬಂದಿರಲಿಲ್ಲ. ಎರಡು ಸಲವೂ ನಾನು ಸಂಕೋಚಕ್ಕೆ ಬಿದ್ದು ತೆಗೆದುಕೊಂಡೆ.

“ಅಲ್ಲಾ ರೀ, ನೀವು ಮಾರ್ತಿದೀರೋ, ಬಾಡಿಗೆಗೆ ಕೊಡ್ತಿದೀರೋ?” ಎಂದಳು ರೋಸಿತ್ಸಾ.

ಮಾತು ಚುಚ್ಚಿತು. ಆವತ್ತೇ ಘೋರ ಪ್ರತಿಜ್ಞೆ ಮಾಡಿದೆ. ಅಂದಿನಿಂದ ನನ್ನ ಪ್ರತಿಯೊಂದು ಜಾಹೀರಾತಿನ ಕೆಳಗೂ ಒಂದು ಶಾಸನ: ‘ಖಾಸಗಿ ಮಾರಾಟ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಕೊಟ್ಟ ಮಾಲು ಮನೆಗೆ ಹೊರಗು. ವಾಪಸ್ಸಿನ ಮಾತೆತ್ತಬೇಡಿ.’

ಆಗಸ್ಟ್ ಕೊನೆ ಬಂತು. ಆ ದಿನಗಳಲ್ಲಿ ನಮ್ಮಲ್ಲಿ ಯಾವ ಬಾಲ್ಕನಿಗೆ ಮೂಗೊಡ್ಡಿದರೂ ಸುಟ್ಟ ಮೆಣಸಿನಕಾಯಿಯ ಘಮ. ಅಂಗೈ ಅಗಲದ ಕೆಂಪು ಮೆಣಸಿನಕಾಯಿಗಳನ್ನು ಚುಷ್ಕೋಪೆಕ್ ಎಂಬ ಕರೆಂಟಿನ ಒಲೆಯ ತೂತಿಗೆ ಇಳಿಸಿ ಸುಡಬೇಕು, ಸಿಪ್ಪೆ ಸುಲಿಯಬೇಕು, ಟೊಮ್ಯಾಟೊ ಜೊತೆ ಕುದಿಸಿ ಚಳಿಗಾಲಕ್ಕಾಗುವಷ್ಟು ಚಟ್ನಿಯನ್ನು ಜಾಡಿಗಳಿಗೆ ತುಂಬಬೇಕು. ತುಂಬದ ಮನೆ ಮನೆಯೇ ಅಲ್ಲ.

ನಮ್ಮ ಮನೆಯಲ್ಲಿ ಇಂಥ ಒಲೆ ಎರಡು. ಒಂದು ನಮ್ಮ ಅತ್ತೆ ದೋನ್ಕಾ ಅವರದು. ಹಳ್ಳಿಯಲ್ಲಿ ಅದನ್ನು ಹಚ್ಚಿದರೆ ಫ್ಯೂಸ್ ಹಾರಿಹೋಗುತ್ತದೆಂದು ನಮ್ಮಲ್ಲಿ ಇಟ್ಟಿದ್ದರು. ಮಾವನವರು ಬದುಕಿದ್ದಾಗ ಅವರಿಗೆ ತಂದುಕೊಟ್ಟದ್ದು. ಅದನ್ನು ನಾನು ಸರಿಯಾಗಿ ನೋಡಿದವನೇ ಅಲ್ಲ. ಮೆಣಸು ಸುಡುವ ದಿನ ನನ್ನ ಪಾಲಿನ ಕೆಲಸ ಜಾಡಿ ತೊಳೆಯುವುದು, ಅದು ನಡೆಯುವುದು ಬಚ್ಚಲಲ್ಲಿ. ಎರಡನೆಯದು ನನ್ನ ಬುದ್ಧಿವಂತಿಕೆಯ ಫಲ. ಟಿ.ವಿ.ಯಲ್ಲಿ ನೋಡಿ ತರಿಸಿದ್ದು. ಮೂರು ತೂತು, ಮೂರು ಪಟ್ಟು ವೇಗ! ಬಂದ ಮೇಲೆ ನೋಡಿದರೆ ಮೆಣಸಿನಕಾಯಿ ಒಂದು ಮಗ್ಗುಲು ಇದ್ದಿಲು, ಇನ್ನೊಂದು ಮಗ್ಗುಲು ಹಸಿ.

“ಅಳಿಯಂದ್ರೇ, ಇದು ಸುಡತ್ತೋ, ಬರೀ ಹೆದರಿಸತ್ತೋ?” ಎಂದು ಅತ್ತೆ ಕೇಳಿದ್ದರು.

ಮೆಣಸು ಕೀಳಲು ತವರಿಗೆ ಹೊರಟ ರೋಸಿತ್ಸಾ ಬಾಗಿಲಲ್ಲಿ ನಿಂತು ಅಪ್ಪಣೆ ಕೊಡಿಸಿದಳು. “ಶನಿವಾರ ಅಮ್ಮನ್ನ ಕರ್ಕೊಂಡು ಮೂಟೆ ಸಮೇತ ಬರ್ತೀನಿ. ಅಷ್ಟರಲ್ಲಿ ಆ ನಿಮ್ಮ ಮೂರು ತೂತಿನ ದೆವ್ವಾನ ಮಾರಿಬಿಡಿ. ಅಮ್ಮಂದಕ್ಕೆ ಮಾತ್ರ ಕೈ ಹಚ್ಚಿದ್ರೆ ನೋಡಿ!”

“ನಾನೇನು ಚಿಕ್ಕ ಮಗುವಾ?” ಎಂದೆ.

ಜಾಹೀರಾತು ಹಾಕಿದೆ. ಸ್ಲಿವೆನ್ ಊರಿನ ಗಿನ್ಕಾ ಎಂಬಾಕೆ ಕೂಡಲೇ ಒಪ್ಪಿದಳು. ಮೂರು ತೂತಿನ ಚಿತ್ರವಿದ್ದ ಪೆಟ್ಟಿಗೆ ಬಾಲ್ಕನಿಯಲ್ಲೇ ಇತ್ತು. ಎತ್ತಿ ನೋಡಿದೆ, ಭಾರವಿತ್ತು. ಇನ್ನು ಬಿಚ್ಚಿ ನೋಡುವುದೇನು? ಒಂದು ಸುರುಳಿ ಅಂಟುಪಟ್ಟಿ ಇಡಿಯಾಗಿ ಸುತ್ತಿದೆ. ಕೋಟೆಯನ್ನಾದರೂ ಒಡೆಯಬಹುದು, ನಾನು ಕಟ್ಟಿದ ಪೆಟ್ಟಿಗೆಯನ್ನು ಒಡೆಯಲಾಗದು.

ನಮ್ಮಲ್ಲಿ ಕೊರಿಯರ್ ಕಚೇರಿಯಲ್ಲೇ ಪೆಟ್ಟಿಗೆ ಬಿಚ್ಚಿ, ಬೇಕಾದರೆ ಕರೆಂಟಿಗೆ ಸಿಕ್ಕಿಸಿ ನೋಡಿ, ಆಮೇಲೆ ದುಡ್ಡು ಕೊಡುವ ಪದ್ಧತಿ. ಗಿನ್ಕಾಳ ಗಂಡ ಹೋದನಂತೆ, ಅಂಟುಪಟ್ಟಿಯ ಜೊತೆ ಸ್ವಲ್ಪ ಹೊತ್ತು ಗುದ್ದಾಡಿದನಂತೆ, ಕೊನೆಗೆ ‘ಪರೀಕ್ಷಿಸಿದ್ದೇನೆ’ ಎಂದು ಸಹಿ ಹಾಕಿ ಹೊತ್ತುಕೊಂಡು ಹೋದನಂತೆ.

ಮರುದಿನ ಆಕೆಯ ಸಂದೇಶ ಬಂತು: ‘ಅಣ್ಣಾ, ಮೂರು ತೂತು ಅಂತ ಹಾಕಿದ್ರಿ, ಬಂದಿರೋದು ಒಂದೇ ತೂತಿಂದು. ಇದನ್ನ ವಾಪಸ್ ತಗೊಂಡು ನಮ್ದನ್ನ ಕಳಿಸಿಕೊಡಿ.’ ಜೊತೆಗೊಂದು ಫೋಟೋ. ಹೊಗೆ ಹಿಡಿದು ಕಪ್ಪಾದ ಒಲೆ, ಸೊಟ್ಟ ಹಿಡಿಯ ಮುಚ್ಚಳ, ವೈರಿನ ಸುತ್ತ ನೀಲಿ ಪಟ್ಟಿ.

ನನಗೆ ನಗು ಬಂತು. ಹೊಸದನ್ನು ಒಳಗಿಟ್ಟುಕೊಂಡು ಅಟ್ಟದ ಗುಜರಿಯನ್ನು ವಾಪಸ್ಸು ಕೊಡುವ ಹಂಚಿಕೆ! ಸೂಟಿನ ತಾಯಿ ಇವಳ ಮುಂದೆ ಏನೇನೂ ಅಲ್ಲ. ರೋಸಿತ್ಸಾ ಮನೆಯಲ್ಲಿರಲಿಲ್ಲ, ಹಾಗಾಗಿ ನನ್ನ ಭಾಷೆಗೆ ಕಡಿವಾಣವೂ ಇರಲಿಲ್ಲ. ಬರೆದೆ: ‘ಶ್ರೀಮತಿ ಗಿನ್ಕಾ ಅವರೇ, ಚಿತ್ರದಲ್ಲಿರುವ ಪುರಾತನ ಅವಶೇಷವನ್ನು ನಾನಾಗಲಿ ನನ್ನ ವಂಶದವರಾಗಲಿ ಎಂದೂ ಕಂಡವರಲ್ಲ. ಅದು ನಿಮ್ಮದೇ. ಮೆಣಸು ಸುಡಿ, ಇಲ್ಲವೇ ಮ್ಯೂಸಿಯಮ್ಮಿಗೆ ಕೊಡಿ.’

ಆಕೆ ಫೋನೇ ಮಾಡಿದಳು. “ಅಯ್ಯೋ ದೇವ್ರೇ, ನಾನ್ಯಾಕೆ ಸುಳ್ಳು ಹೇಳ್ಲಿ?”

“ತಾಯೀ, ನಿಮ್ಮಂಥೋರನ್ನ ಬೇಕಾದಷ್ಟು ನೋಡಿದೀನಿ. ನಿಮ್ಮ ಯಜಮಾನ್ರು ಪರೀಕ್ಷೆ ಮಾಡಿದೀನಿ ಅಂತ ಸಹಿ ಹಾಕಿದಾರೆ.”

“ಅವ್ರು ಎಲ್ಲದಕ್ಕೂ ಹಾಕ್ತಾರೆ. ಮದುವೆ ದಿನಾನೂ ಹಾಗೇ ಹಾಕಿದ್ರು. ಕೊನೇ ಸಲ ಕೇಳ್ತೀನಿ, ಇದು ನಿಮ್ಮದಲ್ವಾ?”

“ಅಲ್ಲ, ಅಲ್ಲ, ಅಲ್ಲ!”

“ಆಯ್ತಪ್ಪಾ. ಹಾಗಾದ್ರೆ ನಮ್ದೇ.”

ಫೋನಿಟ್ಟಳು. ಜೀವಮಾನದಲ್ಲಿ ಮೊದಲ ಸಲ ಒಬ್ಬ ಹೆಂಗಸಿನ ಜೊತೆ ವಾದ ಮಾಡಿ ಗೆದ್ದಿದ್ದೆ. ಆ ಸಂಜೆ ಬಾಲ್ಕನಿಯಲ್ಲಿ ಒಬ್ಬನೇ ಕೂತು, ಟೊಮ್ಯಾಟೊ ಹೆಚ್ಚಿಕೊಂಡು, ನನ್ನ ಆರೋಗ್ಯಕ್ಕೆ ನಾನೇ ಲೋಟ ಎತ್ತಿ ರಕಿಯಾ ಎಂಬ ಹಣ್ಣಿನ ಸಾರಾಯಿ ಕುಡಿದೆ.

ಶನಿವಾರ ಮೂಟೆಗಳು ಬಂದವು, ಹಿಂದೆಯೇ ಹೆಂಡತಿ, ಅತ್ತೆ. ಅವರು ನೀರು ಕುಡಿಯುವುದಕ್ಕೂ ಬಿಡದೆ ನನ್ನ ದಿಗ್ವಿಜಯ ವರ್ಣಿಸಿದೆ. “ನೋಡು, ಎಂಥ ಗುಜರಿ ತೋರಿಸಿ ಟೋಪಿ ಹಾಕೋಕೆ ಬಂದಿದ್ಲು!” ಎಂದು ಫೋಟೋ ಹಿಡಿದೆ.

ರೋಸಿತ್ಸಾ ನೋಡಿದಳು. ಫೋನನ್ನು ಸೀದಾ ಅಮ್ಮನ ಕೈಗೆ ಕೊಟ್ಟಳು. ಅತ್ತೆ ಕನ್ನಡಕ ಹಾಕಿಕೊಂಡು ಫೋನನ್ನು ಹತ್ತಿರ ತಂದುಕೊಂಡರು.

“ಈ ಹಿಡಿ ಸೊಟ್ಟಗಾಗಿದ್ದು ನಿಮ್ಮಪ್ಪ ಬೀಳಿಸಿ ಕಣೇ. ಆ ನೀಲಿ ಪಟ್ಟೀನೂ ಅವ್ರೇ ಸುತ್ತಿದ್ದು. ಅಳಿಯಂದ್ರೇ, ನನ್ನ ಒಲೆ ನಿಮ್ಮ ಫೋನಲ್ಲಿ ಏನ್ ಮಾಡ್ತಿದೆ?”

“ರೀ, ಪೆಟ್ಟಿಗೆ ಬಿಚ್ಚಿ ನೋಡಿದ್ರಾ?” ಎಂದಳು ರೋಸಿತ್ಸಾ.

“ಮೇಲೆ ಚಿತ್ರ ಇತ್ತಲ್ಲ...”

“ಪೆಟ್ಟಿಗೆ ಗಟ್ಟಿಯಾಗಿದೆ ಅಂತ ಅಮ್ಮಂದನ್ನ ಅದರಲ್ಲಿ ಇಟ್ಟಿದ್ದೆ! ನಿಮ್ಮದು ಬಾಳೆಹಣ್ಣಿನ ಪೆಟ್ಟಿಗೇಲಿ ಬಿದ್ದಿದೆ!”

ಹೋಗಿ ನೋಡಿದೆ. ಬಾಳೆಹಣ್ಣಿನ ಪೆಟ್ಟಿಗೆಯೊಳಗಿಂದ ಮೂರು ತೂತೂ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದವು.

ಅತ್ತೆ ಬೈಯಲಿಲ್ಲ. ಮೂಟೆಯ ಮೇಲೆ ಕೂತು, “ಅವ್ರು ಹೋದ ಮೇಲೂ ಪ್ರತಿ ವರ್ಷ ಮೊದಲ್ನೇ ಮೆಣಸು ಅದರಲ್ಲೇ ಸುಡ್ತಿದ್ದೆ” ಎಂದರು, ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೇಗಾದರೂ ಅದನ್ನು ಮನೆಗೆ ತರಲೇಬೇಕು ಎಂದು ಗಿನ್ಕಾಗೆ ಫೋನು ಮಾಡಿದೆ. ರೋಸಿತ್ಸಾ ಫೋನನ್ನು ಕಿತ್ತು ಎಲ್ಲರಿಗೂ ಕೇಳುವ ಹಾಗೆ ಮಾಡಿ ಮೇಜಿನ ಮೇಲಿಟ್ಟಳು.

“ಗಿನ್ಕಾ ತಾಯೀ, ಆ ಒಲೆ ವಾಪಸ್ ತಗೋಬೇಕು ಅಂತಿದೀನಿ...”

“ಯಾವ ಒಲೆ? ಅದು ನಿಮ್ಮದಲ್ಲವಲ್ಲ. ಇರಿ, ನೀವು ಬರೆದಿದ್ದನ್ನ ಓದ್ತೀನಿ.” ಓದಿದಳು. ಒಂದಕ್ಷರ ಬಿಡಲಿಲ್ಲ.

“ಅವಶೇಷ ಅಂದ್ರೆ ಏನೇ?” ಎಂದರು ಅತ್ತೆ.

“ಹಾಳು ಬಿದ್ದಿದ್ದು ಅಂತ ಅಮ್ಮಾ” ಎಂದು ಮಗಳು ಪ್ರಾಮಾಣಿಕವಾಗಿ ಅರ್ಥ ಹೇಳಿದಳು.

“ಆದ್ರೂ ಏನು ಒಲೇನಪ್ಪಾ ಅದು!” ಗಿನ್ಕಾ ನಿಲ್ಲಿಸಲಿಲ್ಲ. “ಸಿಪ್ಪೆ ತಾನಾಗೇ ಬಿಟ್ಕೊಂಡು ಬರತ್ತೆ. ಪ್ರಾಣ ಹೋದ್ರೂ ಕೊಡಲ್ಲ. ಅಂದ ಹಾಗೆ, ನಾನು ದುಡ್ಡು ಕೊಟ್ಟಿರೋ ಮೂರು ತೂತಿಂದು ಯಾವಾಗ ಕಳಿಸ್ತೀರಿ?”

ಅಷ್ಟರಲ್ಲಿ ಅತ್ತೆ ಫೋನಿನ ಮೇಲೆ ಬಗ್ಗಿದರು. “ಯಾರಮ್ಮಾ ಅದು? ಮುಚ್ಚಳ ಪೂರ್ತಿ ಮುಚ್ಚಬೇಡ. ಒಂದು ಬೆರಳು ಸಂದು ಬಿಡು, ಆಗ ನೋಡು ಅದರ ಕೈಗುಣ.”

“ಹೌದಾ ಅಮ್ಮಾ? ಟೊಮ್ಯಾಟೊ ಎಷ್ಟು ಹಾಕ್ತೀರಿ?”

ಅಲ್ಲಿಗೆ ನನ್ನ ವ್ಯಾಜ್ಯ ನನ್ನ ಕೈ ಬಿಟ್ಟಿತು. ಟೊಮ್ಯಾಟೊ, ಬೆಳ್ಳುಳ್ಳಿ, ಗಂಡಂದಿರು ಎಂದು ಮಾತು ಹರಿದು, “ಅಂಗಳ ದೊಡ್ಡದಿದೆ, ಮೂಟೆ ತಗೊಂಡು ಇಲ್ಲಿಗೇ ಬಂದ್ಬಿಡಿ” ಎಂಬಲ್ಲಿಗೆ ಮುಗಿಯಿತು. ಈಗಷ್ಟೇ ಐದು ಮಹಡಿ ಹತ್ತಿದ ಮೂಟೆಗಳು ಮತ್ತೆ ಐದು ಮಹಡಿ ಇಳಿದವು. ಲಿಫ್ಟ್ ಕೆಟ್ಟಿತ್ತು, ಬೆನ್ನು ನನ್ನದು.

ಸ್ಲಿವೆನ್ನಿನ ಆ ಅಂಗಳದಲ್ಲಿ ಮೂವರು ಹೆಂಗಸರು ಒಲೆಯ ಸುತ್ತ ಕೂತರು. ನಾನೂ ಗಿನ್ಕಾಳ ಗಂಡನೂ ನಲ್ಲಿಯ ಹತ್ತಿರ ಜಾಡಿ ತೊಳೆದೆವು. ಒಳ್ಳೆಯ ಮನುಷ್ಯ, ನಾನು ಏನು ಹೇಳಿದರೂ ಒಪ್ಪುತ್ತಿದ್ದ. ಗಿನ್ಕಾ ನಾವು ಜೊತೆಗೆ ಒಯ್ದಿದ್ದ ನನ್ನ ಮೂರು ತೂತಿನದನ್ನು ಹಚ್ಚಿ ನೋಡಿದಳು. ಒಂದು ಮಗ್ಗುಲು ಇದ್ದಿಲು. ಮತ್ತೊಂದು ವಾಪಸ್ಸಿನ ತಕರಾರು ಬಂತಪ್ಪಾ ಎಂದು ನಾನು ಕಣ್ಣು ಮುಚ್ಚಿದೆ.

“ಹೆದರ್ಬೇಡಿ, ವಾಪಸ್ ಕೇಳಲ್ಲ” ಎಂದು ಅದರ ಮೂರು ತೂತಿಗೂ ಮಣ್ಣು ತುಂಬಿ ಜಿರೇನಿಯಂ ಹೂಗಿಡದ ಕಡ್ಡಿ ನೆಟ್ಟಳು.

ಅತ್ತೆ ಮೊದಲನೇ ಮೆಣಸು ಸುಟ್ಟು, ಮುಚ್ಚಳದ ಸೊಟ್ಟ ಹಿಡಿಯನ್ನು ಸವರಿದರು. ಮಾವನವರ ಕತೆ ಕೇಳಿದ ಗಿನ್ಕಾಳಿಗೆ ಕಣ್ಣು ತುಂಬಿ ಬಂತು. “ಅಮ್ಮಾ, ನಂಗೆ ಗೊತ್ತಿರ್ಲಿಲ್ಲ. ಇವತ್ತೇ ಮನೆಗೆ ತಗೊಂಡು ಹೋಗಿ” ಎಂದಳು.

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಒದ್ದೆ ಕೈಯಲ್ಲೇ ಎದ್ದು ಹೋಗಿ ಪೆಟ್ಟಿಗೆ ಹುಡುಕಿದೆ. ಜೇಬಿನಿಂದ ಅಂಟುಪಟ್ಟಿಯನ್ನೂ ತೆಗೆದೆ. ಅತ್ತೆ ಆ ಅಂಟುಪಟ್ಟಿಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

“ಬೇಡ ತಾಯೀ, ನಿಮ್ಮನೇಲೇ ಇರ್ಲಿ. ವರ್ಷಾ ವರ್ಷಾ ನಾವೇ ಬರ್ತೀವಿ” ಎಂದರು. “ಅಲ್ಲಿ ಇಟ್ರೆ ನಮ್ಮಳಿಯಂದ್ರು ಮತ್ತೆ ಮಾರ್ತಾರೆ.”

ರೋಸಿತ್ಸಾ ಒಂದು ಬುಟ್ಟಿ ಜಾಡಿಗಳನ್ನು ನನ್ನ ಕಡೆ ತಳ್ಳಿದಳು. ನಾನು ಅಂಟುಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ನಲ್ಲಿಯ ಹತ್ತಿರ ಹೋಗಿ ಕೂತೆ.