ಆರೋಪ, ಪ್ರತ್ಯಾರೋಪ ಮತ್ತು ತೆರೆಯದ ಬಾಗಿಲು

ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ನಮ್ಮ ಮಹಾಶಯರಿಗೊಂದು ಚಟ. ಕಚೇರಿಯಲ್ಲಿ ತಿದ್ದಿದ ಪದವನ್ನು ಮನೆವರೆಗೂ ಹೊತ್ತು ತರುತ್ತಿದ್ದರು. ಅವತ್ತು ಸಂಜೆ ಹೆಂಡತಿಯೊಡನೆ ಮಾರುಕಟ್ಟೆಯಿಂದ ಬಂದು ಮೆಟ್ಟಿಲು ಹತ್ತುವಾಗ ಬಾಯಲ್ಲಿದ್ದದ್ದು ‘ಪ್ರತ್ಯಾರೋಪ’.

“ನೀನು ತಪ್ಪು ಮಾಡಿದೆ ಅಂತ ನಾನಂದ್ರೆ ಅದು ಆರೋಪ. ನೀವೇನು ಮಹಾ ಸಾಚಾನಾ ಅಂತ ನೀನು ತಿರುಗಿಬಿದ್ರೆ ಪ್ರತ್ಯಾರೋಪ.”

“ಅಂದ್ರೆ ಜಗಳ ಶುರು ಮಾಡೋದು ಯಾವಾಗ್ಲೂ ನೀವೇ ಅಂತಾಯ್ತು,” ಎಂದಳು ಹೆಂಡತಿ, ತರಕಾರಿ ಚೀಲವನ್ನು ಕೈ ಬದಲಿಸುತ್ತ.

ದಾರಿಯಲ್ಲಿ ಕುಡಿದ ಹಣ್ಣಿನ ರಸ ಮಹಾಶಯರನ್ನು ಘೋರ ಜಲಬಾಧೆಗೆ ದೂಡಿತ್ತು. ಅವಸರವಾಗಿ ಕೀ ತುರುಕಿದರು. ತಿರುಗಲಿಲ್ಲ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ.

“ಡಬ್ಬಿ ಮುಚ್ಚಳ ಮೀಟೋಕೆ ಈ ಕೀ ತಗೊಂಡಿದ್ದೆ ತಾನೆ? ಹಲ್ಲು ಸವೆದಿದೆ!”

“ಕಿವಿ ಕೆರ್ಕೊಳ್ಳೋಕೆ ಅದನ್ನ ಬಳಸ್ತಿದ್ದೋರು ಯಾರು ಸ್ವಾಮಿ? ಗುಗ್ಗೆ ಕಟ್ಟಿದೆ!”

“ಬೀಗಕ್ಕೆ ಎಣ್ಣೆ ಬಿಡು ಅಂದಿದ್ದೆ.”

“ಈ ಮನೇಗೆ ಬಂದು ಒಂದು ವಾರ ಆಗಿಲ್ಲ, ಆಗಲೇ ಎಣ್ಣೆ ಸ್ನಾನ ಬೇಕಾ ಅದಕ್ಕೆ? ಬೇಕಿದ್ರೆ ನೀವೇ ಬಿಡಬೇಕಿತ್ತು.”

ಮಹಾಶಯರು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಬಾಗಿಲಿಗೆ ಭುಜ ಕೊಟ್ಟು ನೂಕಿದರು. ಹೆಂಡತಿಯೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೈ ಜೋಡಿಸಿದಳು. ಮದುವೆಯಾದಂದಿನಿಂದ ಇಬ್ಬರೂ ಒಂದೇ ದಿಕ್ಕಿಗೆ ನೂಕಿದ್ದು ಅದೇ ಮೊದಲು!

ಬಾಗಿಲು ಒಳಗಿನಿಂದ ತೆರೆದುಕೊಂಡಿತು. ಒಳಗೆ ಕನ್ನಡಕ ಹಣೆಗೇರಿಸಿಕೊಂಡ ಅಜ್ಜಿ.

“ನಿಮ್ಮದು ಮೇಲಿನ ಮಹಡಿ ಕಣಪ್ಪ. ಇದು ನಮ್ಮನೆ.”

ಮಹಾಶಯರು ತಲೆಯೆತ್ತಿದರು. ಬಾಗಿಲ ಮೇಲೆ ಅಂಗೈಯಗಲದ ಮನೆ ನಂಬರು. ಅಲ್ಪವಿರಾಮ ಜಾರಿದರೂ ಹಿಡಿಯುವ ಕಣ್ಣಿಗೆ ಅದು ಬಿದ್ದಿರಲಿಲ್ಲ.

“ಅಜ್ಜೀ, ಮೊದಲೇ ಹೇಳಬಾರದಿತ್ತೇ?” ಹೆಂಡತಿ ಕೇಳಿದಳು.

“ಹೇಗಮ್ಮ ಹೇಳ್ಲಿ? ಟೀವಿ ಕೆಟ್ಟಿದೆ. ನಿಮ್ಮ ಮಾತು ಚೆನ್ನಾಗಿ ನಡೀತಿತ್ತು.”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

“ಮುಂದೆ ಹತ್ತಿದೋರು ಯಾರ್ರೀ?”

“ಹಿಂದಿನಿಂದ ‘ಮನೆ ಬಂತು, ನಿಲ್ರೀ’ ಅಂದೋಳು ಯಾರೇ?”

“ತಡೀರಿ, ತಡೀರಿ. ಒಂದು ಕುರ್ಚಿ ತಗೊಂಡು ಬರ್ತೀನಿ,” ಎಂದು ಅಜ್ಜಿ ಒಳಗೋಡಿದಳು.

ಕುರ್ಚಿ ಹೊರಗೆ ಬರುವಷ್ಟರಲ್ಲಿ ಮಹಾಶಯರ ತಾಳ್ಮೆಯ ಕಟ್ಟೆ ಒಡೆಯುವ ಹಂತಕ್ಕೆ ಬಂದಿತ್ತು.

“ತಪ್ಪು ನಂದೇ ಕಣೇ! ಎಲ್ಲಾ ನಂದೇ!” ಎಂದು ಕೂಗುತ್ತ ಕೀ ಕಿತ್ತುಕೊಂಡು ಮೆಟ್ಟಿಲುಗಳನ್ನು ಹಾರಿ ಹಾರಿ ಹತ್ತಿ ಮಾಯವಾದರು.

ಹೆಂಡತಿ ನಗು ತಡೆಯಲಾರದೆ ಗೋಡೆಗೊರಗಿದಳು. ಅಜ್ಜಿ ಮಾತ್ರ ಖಾಲಿ ಕುರ್ಚಿ ಹಿಡಿದು ನಿಂತು, “ಅಯ್ಯೋ, ಇಷ್ಟು ಬೇಗ ಒಪ್ಕೊಂಡುಬಿಡೋದಾ!” ಎಂದು ಲೊಚಗುಟ್ಟಿದಳು.