ಐನೂರು ಅಡಿ ಆಚೆಗೊಂದು ಬಾಗಿಲು

ಆರ್ವೊ ಲಾಹ್ಟಿಯ ಕಷ್ಟವೆಲ್ಲ ಅರವತ್ತು ಅಡಿಯದು. ಔಷಧಿ ಗಾಂಜಾ ಮಾರುವ ಅಂಗಡಿಯ ಬಾಗಿಲಿಗೂ ಚರ್ಚಿನ ಬಾಗಿಲಿಗೂ ನಡೆಯುವ ದಾರಿಯಲ್ಲಿ ಐನೂರು ಅಡಿ ಅಂತರವಿರಬೇಕೆಂದು ಪುರಸಭೆಯ ನಿಯಮ. ಅವನದು ನಾನೂರ ನಲವತ್ತಕ್ಕೇ ನಿಂತಿತ್ತು.

ಊರಿಗೆ ಒಂದೇ ಪರವಾನಗಿ. ಇವತ್ತು ಸಂಜೆ ಐದರೊಳಗೆ ಅಳತೆ ಸರಿಹೋಗದಿದ್ದರೆ ಅದು ಡೆಟ್ರಾಯ್ಟಿನ ಕಂಪನಿಯ ಪಾಲು. ಕಾಗದದ ಕಾರ್ಖಾನೆ ಮುಚ್ಚಿದ ಮೇಲೆ ಆರ್ವೊನಿಗೆ ಉಳಿದಿದ್ದ ಆಸೆ ಈ ಅಂಗಡಿಯೊಂದೇ.

ಬೆಳಗ್ಗೆಯೇ ಚರ್ಚಿನ ಖಜಾಂಚಿ ಮುದುಕಿ ಲೆಂಪಿ ಕುಂಟುತ್ತ ಬಂದಳು.

“ನಾನು ಬದುಕಿರೋವರೆಗೂ ನಮ್ಮ ಚರ್ಚ್ ಹತ್ರ ಗಾಂಜಾ ಅಂಗಡಿ ಬರಲ್ಲ, ತಿಳ್ಕೋ!”

“ಮೊಣಕಾಲು ಹೆಂಗಿದೆ ಲೆಂಪಿಯಮ್ಮ?”

“ಹಾಳಾದ್ದು, ಮೆಟ್ಟಿಲು ಕಂಡ್ರೆ ಅಳು ಬರುತ್ತೆ.” ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ನಿನ್ನ ಔಷಧಿ ಹಚ್ಚೋದೋ, ನುಂಗೋದೋ?”

“ಎರಡೂ ಸಿಗುತ್ತೆ.”

“ನಾನು ಕೇಳ್ದೆ ಅಂತ ಯಾರಿಗೂ ಹೇಳ್ಬೇಡ.”

ಅವಳು ಹೋದದ್ದೇ ಆರ್ವೊ ಸುತ್ತಿಗೆ ಎತ್ತಿಕೊಂಡ. ಅಂಗಡಿಯೂ ಚರ್ಚೂ ಒಂದೇ ಉದ್ದನೆಯ ಸಾಲಿನಲ್ಲಿದ್ದವು, ನಡುವೆ ಸಂದಿ ಎಂಬುದಿಲ್ಲ. ತನ್ನ ಬಾಗಿಲನ್ನು ಹಿಂದಿನ ಗಲ್ಲಿಗೆ ಸಾಗಿಸಿದರೆ ಚರ್ಚಿನ ಮುಂಬಾಗಿಲಿನಿಂದ ಇಡೀ ಬೀದಿ ಸುತ್ತಿ ಬರಬೇಕು. ಇಂಥ ಅಂಗಡಿಗೆ ಒಂದೇ ಬಾಗಿಲು ಎಂಬುದೂ ನಿಯಮವೇ. ಹಾಗಾಗಿ ಹಿಂದಿನ ಗೋಡೆಯಿಂದ ಕಿತ್ತ ಇಟ್ಟಿಗೆಯನ್ನೇ ಮುಂಬಾಗಿಲಿಗೆ ಕಟ್ಟತೊಡಗಿದ. ಮಧ್ಯಾಹ್ನದ ಹೊತ್ತಿಗೆ ಅವನು ಹಿಟ್ಟಿನ ಡಬ್ಬಿಗೆ ಬಿದ್ದ ಬೆಕ್ಕಿನಂತಾಗಿದ್ದ.

ಪಕ್ಕದ ಕ್ಷೌರದಂಗಡಿಯಿಂದ ನೀಲೊ ಕೂಗಿದ: “ಲೋ, ನಿನ್ನ ಸುತ್ತಿಗೆ ಏಟಿಗೆ ನನ್ನ ಕೈ ಜಾರಿ ಗಿರಾಕಿ ಮೀಸೆ ಅರ್ಧ ಹೋಯ್ತು!”

“ಇನ್ನರ್ಧಾನೂ ತೆಗೆದ್ಬಿಡು, ಎರಡೂ ಕಡೆ ಸಮ ಆಗುತ್ತೆ!”

ನಾಲ್ಕು ಗಂಟೆಗೆ ಪುರಸಭೆಯ ಬರ್ಡೆಟ್ ಅಳತೆಯ ಚಕ್ರ ಉರುಳಿಸುತ್ತ ಬಂದ. ಆರ್ವೊ ಮದುಮಗನ ಗತ್ತಿನಲ್ಲಿ ಅವನನ್ನು ಚರ್ಚಿನ ಮುಂದಕ್ಕೆ ಕರೆದೊಯ್ದ. ಮುಂಬಾಗಿಲಿಗೆ ಅಡ್ಡ ಹಲಗೆ ಹೊಡೆದಿತ್ತು. ‘ದಾರಿ ಹಿಂದುಗಡೆ’ ಎಂಬ ಫಲಕ ತೂಗುತ್ತಿತ್ತು.

ಹಿಂದಿನ ಗಲ್ಲಿಗೆ ಓಡಿದರೆ ಅಲ್ಲಿ ಲೆಂಪಿ ಮತ್ತವಳ ಹೆಂಗಸರ ದಂಡು.

“ಶ್! ನಿನಗೋಸ್ಕರಾನೇ ಕಣೋ,” ಎಂದು ಲೆಂಪಿ ಅವನ ಕಿವಿಗೆ ಬಾಯಿಟ್ಟಳು. “ನಮ್ಮೆಲ್ಲರ ಕಾಲೂ ನೋಯುತ್ತೆ, ಬಾಯಿಬಿಟ್ಟು ಹೇಳೋಕಾಗುತ್ತಾ? ಅದಕ್ಕೇ ಅಡುಗೆಮನೆ ಬಾಗಿಲನ್ನೇ ಚರ್ಚಿನ ಬಾಗಿಲು ಮಾಡಿದೀವಿ. ಈಗ ನಿನ್ನ ಮುಂಬಾಗಿಲು ಎಷ್ಟು ದೂರ ಹೋಯ್ತು ನೋಡು!”

“ನನ್ನ ಮುಂಬಾಗಿಲಾ?” ಆರ್ವೊ ಇಟ್ಟಿಗೆ ಧೂಳಿನ ಕೈಯನ್ನು ತಲೆಯ ಮೇಲಿಟ್ಟುಕೊಂಡ.

ಬರ್ಡೆಟ್ ಗಲ್ಲಿಯುದ್ದಕ್ಕೂ ಚಕ್ರ ಉರುಳಿಸಿ ಆರ್ವೊನ ಹೊಸ ಬಾಗಿಲ ಬಳಿ ನಿಂತ. “ನಾನೂರ ನಲವತ್ತು.”

“ಐದಕ್ಕೆ ಇನ್ನೂ ಟೈಮಿದೆ ತಾನೇ?”

“ಇದೆ. ಆದ್ರೆ…”

ಉಳಿದದ್ದನ್ನು ಕೇಳಲು ಆರ್ವೊ ಅಲ್ಲಿರಲಿಲ್ಲ. ಮುಂದೆ ಕಟ್ಟಿದ ಇಟ್ಟಿಗೆಯ ಗಾರೆ ಇನ್ನೂ ಹಸಿ. ನೀಲೊ ಗಿರಾಕಿಯನ್ನು ನೊರೆ ಸಮೇತ ಬಿಟ್ಟು ಓಡಿಬಂದು ಹೆಗಲು ಕೊಟ್ಟ. ಇಟ್ಟಿಗೆಗಳು ದಬದಬ ಬೀದಿಗೆ ಬಿದ್ದವು. ಹಿಂದಿನ ಕಂಡಿಗೆ ಪ್ಲೈವುಡ್ ಜಡಿದು, ಹೆಬ್ಬೆರಳಿಗೂ ಒಂದೇಟು ಜಡಿದುಕೊಂಡು, ಆರ್ವೊ ಮುಂಬಾಗಿಲಲ್ಲಿ ಎದೆಯುಬ್ಬಿಸಿ ನಿಂತ.

“ಈಗ ಅಳೀರಿ ಸ್ವಾಮಿ! ಇಲ್ಲಿಂದ ಹೊರಟು, ಬೀದಿ ಸುತ್ತಿ, ಚರ್ಚಿನ ಹಿಂಬಾಗಿಲಿಗೆ!”

ಚಕ್ರ ಉರುಳಿತು. ಆರ್ವೊ ಪಕ್ಕದಲ್ಲೇ ಹೆಜ್ಜೆ ಹಾಕಿದ. ಚರ್ಚಿನ ಮುಂದೆ ಬಂದಾಗ ಬರ್ಡೆಟ್ ಗಕ್ಕನೆ ನಿಂತ.

ಹಲಗೆಗಳು ಕಿತ್ತು ಬಿದ್ದಿದ್ದವು. ಮುಂಬಾಗಿಲು ಹಾರುಹೊಡೆದಿತ್ತು. ಮೆಟ್ಟಿಲ ಮೇಲೆ ಲೆಂಪಿ ಕೆದರಿದ ತಲೆಯಲ್ಲಿ, ಸುತ್ತಿಗೆ ಹಿಡಿದು, ಮುಖವೆಲ್ಲ ನಗುವಾಗಿ ನಿಂತಿದ್ದಳು.

“ಹೆದರ್ಬೇಡ ಆರ್ವೊ! ನಮ್ಮಿಂದ ನಿನ್ನ ಕೆಲಸ ಕೆಡಬಾರ್ದು ಅಂತ ಎಲ್ಲಾ ಮೊದಲಿನ ಹಾಗೇ ಮಾಡಿಬಿಟ್ವಿ. ಹಿಂಬಾಗಿಲು ಈ ಜನ್ಮದಲ್ಲಿ ತೆಗೆಯೋಕಾಗಲ್ಲ, ಹಂಗೆ ಮೊಳೆ ಹೊಡೆದಿದೀವಿ!”

ಬರ್ಡೆಟ್ ಚಕ್ರದ ಅಂಕಿ ನೋಡಿದ. ಅದನ್ನು ಆರ್ವೊನ ಕಡೆ ತಿರುಗಿಸಿದ: ಮತ್ತದೇ ನಾನೂರ ನಲವತ್ತು. ಮೇಲೆ ಗೋಪುರದಲ್ಲಿ ಗಡಿಯಾರ ಐದು ಹೊಡೆಯಿತು.

“ಯಾಕಯ್ಯ ಹಂಗೆ ನೋಡ್ತೀಯ?” ಎಂದಳು ಲೆಂಪಿ. “ಥ್ಯಾಂಕ್ಸ್ ಗೀಂಕ್ಸ್ ಏನೂ ಬೇಡ. ಮೊದಲನೇ ಡಬ್ಬಿ ನನಗೆ ಎತ್ತಿಡು, ಸಾಕು.”